ಮರಬಾಳೆಯೂ ಬದನಿಕೆಯೂ

ಶೆಟ್ಟಿಹಳ್ಳಿಯು ಹಿಂದೆ ತುಮಕೂರಿನ ಹೊರಗಣ ಗ್ರಾಮವಾಗಿದ್ದಿತು; ಈಗ ಪಟ್ಟಣದೊಳಗೇ ಸೇರಿಹೋಗಿರುವುದು. ಆದರೂ ಹಳೆಯ ಮಾವು, ಹುಣಿಸೆ, ಹೊಂಗೆಯ ಮರಗಳು ಮನೆಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದಿರುವುವು. ಅಂತಹ ಒಂದು ಮಾವಿನ ಮರದ ಕೆಳಗೆ ನಾವು ಮಾಡಿದ ತಪ್ಪಿನಿಂದಲೇ ಈ ಪಾಠವನ್ನು ಆರಂಭಿಸುವುದು ನ್ಯಾಯವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಆ ಮರದ ಕೊಂಬೆಗಳು ಒಣಗತೊಡಗಿದುವು. ಬದನಿಕೆ ಹಿಡಿದಿದೆಯೆಂದು ಕಂಡವರೆಲ್ಲರೂ ಹೇಳಿದರು. ನಾವೂ ಕೆಳಗೆ ನಿಂತು ತಲೆಯೆತ್ತಿ ನೋಡಿ ಹೌದೆಂದೆವು. ಮರದ ಮೇಲೆ ಬೆಳೆದ ಅನ್ಯ ಗಿಡಗಳೆಲ್ಲವನ್ನೂ ಕಿತ್ತುಹಾಕುವಂತೆ ಕೆಲಸದವರಿಗೆ ಅಪ್ಪಣೆ ಕೊಟ್ಟೆವು. ಸಾಯಂಕಾಲದ ಹೊತ್ತಿಗೆ ಬುಡದಲ್ಲಿ ದೊಡ್ಡ ರಾಶಿಯೇ ಬಿದ್ದಿತ್ತು. ಬದನಿಕೆಯ ರೆಂಬೆಗಳ ಜೊತೆಯಲ್ಲಿ, ಪಟ್ಟಿಯಂತಹ ದಪ್ಪ ಎಲೆಗಳೂ ಹುರಿಯಂತಹ ಬಿಳಿಯ ಬೇರುಗಳೂ ಉಳ್ಳ ಹತ್ತು ಹನ್ನೆರಡು ಗಿಡಗಳು ಆ ರಾಶಿಯಲ್ಲಿದ್ದುವು. ಗುಬ್ಬಿಯ ಕಡೆಯಿಂದ ಬಂದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಅವುಗಳಲ್ಲೊಂದನ್ನು ಎತ್ತಿಕೊಂಡು, "ಅಮ್ಮಾ, ಇದು ಬದನಿಕೆಯಲ್ಲ, ಮರಬಾಳೆ. ನಮ್ಮೂರ ತೋಪಿನ ಹುಣಿಸೇಮರದಲ್ಲಿ ಇದೆ. ಹೂ ಬಿಟ್ಟರೆ ಘಮಘಮ ಎನ್ನುತ್ತದೆ" ಎಂದಳು. ಇಪ್ಪತ್ತು ವರ್ಷ ಸಸ್ಯಶಾಸ್ತ್ರದ ಪಾಠ ಹೇಳಿದ್ದ ನಮ್ಮಲ್ಲಿ ಆ ಮಾತಿಗೆ ಉತ್ತರವಿರಲಿಲ್ಲ. ಪುಸ್ತಕದ ಚಿತ್ರದಲ್ಲಿ ಎಷ್ಟೋ ಸಲ ತೋರಿಸಿದ್ದ ಗಿಡವನ್ನು ಮರದ ಮೇಲೆ ಕಂಡಾಗ ನಾವು ಗುರುತಿಸದೆ ಹೋದೆವು.

ಈ ತಪ್ಪು ನಮ್ಮೊಬ್ಬರದೇ ಅಲ್ಲವೆಂಬುದು ಆಮೇಲೆ ತಿಳಿಯಿತು. ಅದು ಗಿಡದ ಹೆಸರಿನಲ್ಲಿಯೇ ಅಡಗಿದೆ. ಮರದ ಮೇಲೆ ಬೆಳೆಯುವ ಗಿಡಕ್ಕೆ ಸಂಸ್ಕೃತದಲ್ಲಿ ವಂದಾ ಎಂದು ಹೆಸರು. ಅಮರಕೋಶದಲ್ಲಿ ಇದಕ್ಕೆ ಕೊಟ್ಟಿರುವ ಪರ್ಯಾಯಪದಗಳಲ್ಲಿ ವೃಕ್ಷಾದನೀ, ಅಂದರೆ ಮರವನ್ನು ತಿನ್ನುವಂಥದು, ಎಂಬುದೂ ಸೇರಿದೆ. ವೃಕ್ಷರುಹಾ, ಅಂದರೆ ಮರದ ಮೇಲೆ ಬೆಳೆಯುವಂಥದು, ಎಂಬುದೂ ಸೇರಿದೆ. ತಿನ್ನುವುದಕ್ಕೂ ಬೆಳೆಯುವುದಕ್ಕೂ ಇರುವ ಅಂತರವು ಎಷ್ಟೆಂಬುದನ್ನು ನೀವೇ ಯೋಚಿಸಿರಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯಲ್ಲಿದ್ದ ಸರ್ ವಿಲಿಯಂ ಜೋನ್ಸ್ ಎಂಬ ವಿದ್ವಾಂಸರು ಈ ವಂದಾ ಎಂಬ ಹೆಸರನ್ನು ಪಾಶ್ಚಾತ್ಯ ಸಸ್ಯಶಾಸ್ತ್ರಕ್ಕೆ ತಂದರು. ವಿಲಿಯಂ ರಾಕ್ಸ್‌ಬರ್ಗ್ ಎಂಬ ವೈದ್ಯರು ಕೋರಮಂಡಲ ತೀರದ ಸಸ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ, 1795ರಲ್ಲಿ, ನಮ್ಮ ಮರಬಾಳೆಯನ್ನು ಎಪಿಡೆಂಡ್ರಂ ಟೆಸಲೇಟಂ ಎಂದು ವರ್ಣಿಸಿದರು. ಈಗ ಇದರ ಶಾಸ್ತ್ರೀಯ ನಾಮವು ವಾಂಡ ಟೆಸಲೇಟ ಎಂಬುದು. ಟೆಸಲೇಟ ಎಂದರೆ ಚೌಕಳಿಯುಳ್ಳದ್ದು. ಹೀಗೆ, ನಮ್ಮ ದೇಶದ ಪದವೊಂದು ಲೋಕದ ಎಲ್ಲ ಸಸ್ಯೋದ್ಯಾನಗಳಲ್ಲಿಯೂ ಮರ್ಯಾದೆ ಪಡೆದಿದ್ದರೂ, ನಮ್ಮ ಹಳ್ಳಿಗಳಲ್ಲಿ ಆ ಗಿಡವು ಬದನಿಕೆಯ ಪಂಕ್ತಿಯಲ್ಲಿಯೇ ನಿಂತು ಮಚ್ಚಿನ ಏಟಿಗೆ ಗುರಿಯಾಗುತ್ತಿದೆ.

ಎರಡನ್ನೂ ಬೇರ್ಪಡಿಸಿ ತಿಳಿಯುವುದು ಕಷ್ಟವಲ್ಲ. ಬದನಿಕೆಗೆ (ಬಂದಳಿಕೆಯೆಂದೂ ಹೇಳುವುದುಂಟು) ಮರದಂತೆಯೇ ಗಟ್ಟಿಯಾದ ಕೊಂಬೆಗಳಿರುವುವು. ಅದರ ಹಣ್ಣನ್ನು ಪುಟ್ಟ ಹಕ್ಕಿಯೊಂದು ತಿಂದು, ಅಂಟಿನಿಂದ ಕೂಡಿದ ಬೀಜವನ್ನು ಇನ್ನೊಂದು ಕೊಂಬೆಗೆ ಹಚ್ಚುವುದು. ಮೊಳಕೆಯು ತೊಗಟೆಯನ್ನು ಭೇದಿಸಿ ಒಳಗಿನ ನೀರನ್ನೂ ಲವಣವನ್ನೂ ಹೀರುವುದು. ಬದನಿಕೆ ಕುಳಿತ ಕಡೆ ಕೊಂಬೆಯು ಗಂಟುಕಟ್ಟಿರುವುದನ್ನು ನೀವು ನೋಡಿರಬಹುದು. ಮರಬಾಳೆಯ ಬೇರಾದರೋ ತೊಗಟೆಯ ಮೇಲೆಯೇ ಹರಿದು ನಿಲ್ಲುವುದು, ಒಳಹೊಗುವುದಿಲ್ಲ. ನಮ್ಮ ರಾಶಿಯಲ್ಲಿದ್ದ ಗಿಡಗಳ ಬೇರುಗಳನ್ನು ಪರೀಕ್ಷಿಸಿದೆವು: ತೊಗಟೆಯ ಚೂರುಗಳು ಅಂಟಿಕೊಂಡಿದ್ದುವೇ ಹೊರತು, ಒಂದಾದರೂ ಮರವನ್ನು ಕೊರೆದಿರಲಿಲ್ಲ.

ಹಾಗಾದರೆ ಇದು ಏನನ್ನು ಉಂಡು ಬದುಕುವುದು? ಒಣಗಿದಾಗ ಈ ಬೇರು ಸುಣ್ಣ ಬಳಿದಂತೆ ಬೆಳ್ಳಗಿರುವುದು. ಅದರ ಮೇಲೆ ಒಂದು ಚಮಚ ನೀರು ಹನಿಸಿರಿ, ನೋಡುತ್ತಿದ್ದಂತೆಯೇ ಹಸಿರಾಗುವುದು. ಹೊರಗಿನ ಬಿಳಿಯ ಪದರವು ಬರಿಯ ಸ್ಪಂಜು; ಅದರ ಜೀವಕೋಶಗಳು ಸತ್ತು ಟೊಳ್ಳಾಗಿ, ಮಳೆಯ ನೀರನ್ನು ಥಟ್ಟನೆ ಹೀರಿಕೊಂಡು ಒಳಗಣ ಬೇರಿಗೆ ಕೊಡುವುವು. ಕೊಂಬೆಯ ಮೇಲೆ ಹರಿದುಬರುವ ಮಳೆನೀರಿನಲ್ಲಿ ಧೂಳು, ಕೊಳೆತ ಎಲೆ, ಹಕ್ಕಿಯ ಹಿಕ್ಕೆ ಇವುಗಳ ಸಾರವಿರುವುದು. ಅಷ್ಟೇ ಅದರ ಗೊಬ್ಬರ. ಆಹಾರವನ್ನು ತನ್ನ ಹಸಿರೆಲೆಯಲ್ಲಿಯೇ ಮಾಡಿಕೊಳ್ಳುವುದು. ಬೇರಿನ ಒಳಗಣ ಹಸಿರೂ ಆ ಕೆಲಸದಲ್ಲಿ ಕೈಗೂಡಿಸುವುದು. ಅದರಲ್ಲಿಯೂ ಒಂದು ಜಾಣತನವುಂಟು. ಸಾಧಾರಣವಾದ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಗಾಳಿಯನ್ನು ಒಳಗೆ ತೆಗೆದುಕೊಳ್ಳುವುವು. ಆಗ ನೀರೂ ಆವಿಯಾಗಿ ಹೋಗುವುದು. ಮರಬಾಳೆಯು ಅನಾನಸು, ಪಾಪಾಸುಕಳ್ಳಿಗಳಂತೆ, ಬಿಸಿಲಿನಲ್ಲಿ ರಂಧ್ರಗಳನ್ನು ಮುಚ್ಚಿಟ್ಟು ರಾತ್ರಿಯ ತಂಪಿನಲ್ಲಿ ತೆರೆಯುವುದು. ತುಮಕೂರಿನ ಚೈತ್ರ ವೈಶಾಖಗಳ ಬಿಸಿಲಿನಲ್ಲಿ, ಮಣ್ಣಿನ ಆಸರೆಯೇ ಇಲ್ಲದೆ, ಒಂದು ಗಿಡವು ಹಸಿರಾಗಿ ನಿಲ್ಲುವ ಬಗೆ ಇದು.

ಆರ್ಕಿಡ್ ಎಂದೊಡನೆ ಕೊಡಗು, ಮಲೆನಾಡುಗಳ ಮಳೆಕಾಡೇ ನಮ್ಮ ಮನಸ್ಸಿಗೆ ಬರುವುದು. ಅಲ್ಲಿ ಸೀತಾಳೆದಂಡೆಯೇ ಮೊದಲಾದ ಅನೇಕ ಜಾತಿಗಳಿರುವುದು ನಿಜ. ಮರಬಾಳೆಯು ಮಾತ್ರ ಬಯಲುಸೀಮೆಗೂ ಒಗ್ಗಿದ್ದು. ಭಾರತದ ಒಣ ಪ್ರದೇಶಗಳಲ್ಲಿಯೂ, ಸಿಂಹಳ, ಬ್ರಹ್ಮದೇಶಗಳಲ್ಲಿಯೂ ಇದು ಬೆಳೆಯುವುದು. ಗಿಡವು ಒಂದೆರಡು ಅಡಿ ಎತ್ತರ; ಎಲೆಗಳು ಎರಡು ಸಾಲಾಗಿ, ನಡುವೆ ಮಡಿಸಿದಂತೆ, ತುದಿಯಲ್ಲಿ ಯಾರೋ ಕಚ್ಚಿದಂತೆ ಇರುವುವು. ಬೇಸಿಗೆಯ ಕೊನೆಯಿಂದ ಮುಂಗಾರಿನವರೆಗೆ ಎಲೆಯ ಕಂಕುಳಿನಿಂದ ಗೊಂಚಲು ಹೊರಡುವುದು. ಒಂದೊಂದು ಹೂವೂ ಸುಮಾರು ಎರಡು ಅಂಗುಲ ಅಗಲ. ದಳಗಳ ಹೊರಮೈ ಬಿಳುಪು. ಒಳಮೈಯಲ್ಲಿ ಹಳದಿ ಬೆರೆತ ಹಸಿರಿನ ಮೇಲೆ ಕಂದುಬಣ್ಣದ ಗೆರೆಗಳು ಚೌಕಳಿ ಸೀರೆಯಂತೆ ಹೆಣೆದಿರುವುವು. ನಡುವಣ ತುಟಿಯು ನೇರಳೆ. ಬಣ್ಣವು ಎದ್ದು ಕಾಣುವಂಥದಲ್ಲ. ಮರದ ಕೆಳಗೆ ನಡೆದುಹೋಗುವವರಿಗೆ ಮೊದಲು ತಿಳಿಯುವುದು ಪರಿಮಳ. ತಲೆಯೆತ್ತಿ ಹುಡುಕಿದ ಮೇಲೆ ಹೂ. ಕೀಟಗಳನ್ನು ಕರೆಯುವುದರಲ್ಲಿಯೂ ಆ ಪರಿಮಳಕ್ಕೆ ಪಾತ್ರವುಂಟು. ಇದರ ಪರಾಗವು ಪುಡಿಯಾಗಿರದೆ ಮೇಣದ ಉಂಡೆಗಳಾಗಿರುವುದರಿಂದ ಗಾಳಿಯಲ್ಲಿ ಹಾರದು; ಕೀಟದ ಮೈಗೆ ಅಂಟಿಯೇ ಇನ್ನೊಂದು ಹೂವಿಗೆ ಹೋಗಬೇಕು. ಕೀಟವು ಬಾರದಿದ್ದ ಹೂಗಳು ಕಾಯಿ ಕಟ್ಟದೆ ಉದುರುವುವು.

ಕಾಯಿ ಕಟ್ಟಿದರೂ ಮುಂದಿನ ದಾರಿ ಸುಲಭವಲ್ಲ. ಒಂದು ಕಾಯಿಯಲ್ಲಿ ಧೂಳಿನಂತಹ ಸಾವಿರಾರು ಬೀಜಗಳಿರುವುವು. ಅವರೆ, ತೊಗರಿಗಳ ಬೀಜದಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿಯಿರುವುದಲ್ಲವೆ? ಇದರಲ್ಲಿ ಅಂತಹ ಬುತ್ತಿಯಿಲ್ಲ. ತೊಗಟೆಯ ಬಿರುಕಿನಲ್ಲಿ ವಾಸಿಸುವ ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರವು ಬೀಜದೊಳಗೆ ಸೇರಿ ಆಹಾರವನ್ನು ಒದಗಿಸಿದರೆ ಮಾತ್ರ ಅದು ಮೊಳೆಯುವುದು. ಆರ್ಕಿಡ್‌ಗಳ ಈ ಗುಟ್ಟನ್ನು ಫ್ರಾನ್ಸಿನ ನೋಯೆಲ್ ಬೆರ್ನಾರ್ 1899ರಲ್ಲಿ ಕಂಡುಹಿಡಿದರು. ಸಕ್ಕರೆ, ಲವಣಗಳನ್ನು ಬೆರೆಸಿದ ಪಾಕದ ಮೇಲೆ ಶಿಲೀಂಧ್ರವಿಲ್ಲದೆಯೂ ಮೊಳೆಯಿಸಬಹುದೆಂದು ಅಮೆರಿಕಾದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದರು. ಅದು ಪ್ರಯೋಗಶಾಲೆಯ ಮಾತು. ಬಯಲಿನಲ್ಲಿ ಬೀಜ, ಬಿರುಕು, ತೇವ, ಶಿಲೀಂಧ್ರ ಇವು ನಾಲ್ಕೂ ಒಂದೇ ಕಡೆ ಕೂಡಬೇಕು. ಮೊಳೆತ ಗಿಡವು ಹೂ ಬಿಡುವುದಕ್ಕೆ ಹಲವು ವರ್ಷಗಳು ಬೇಕು. ನಾವು ಒಂದು ಮಧ್ಯಾಹ್ನದಲ್ಲಿ ಕೀಳಿಸಿದ್ದು ಎಷ್ಟು ವರ್ಷಗಳ ಬೆಳೆಯೆಂಬುದನ್ನು ಲೆಕ್ಕ ಹಾಕುವುದಕ್ಕೆ ನಮಗೆ ಧೈರ್ಯ ಬರಲಿಲ್ಲ.

ಆದುದರಿಂದಲೇ ಮರಬಾಳೆಗೆ ಬೇಕಾದುದು ಬರಿಯ ಮರವಲ್ಲ, ಹಳೆಯ ಮರ; ಒರಟು ತೊಗಟೆಯುಳ್ಳ, ಬಹುಕಾಲ ಅಲುಗದೆ ನಿಂತ ಮರ. ನೀಲಗಿರಿ ಮರವು ತೊಗಟೆಯನ್ನು ಸುಲಿದು ಸುಲಿದು ಬೀಳಿಸುವುದರಿಂದ ಅದರ ಮೇಲೆ ಇಂತಹ ಗಿಡವು ನೆಲೆಗೊಳ್ಳಲಾರದು. ನಮ್ಮ ಸೀಮೆಯಲ್ಲಿ ಹಳೆಯ ಮರಗಳು ಉಳಿದಿದ್ದುದು ದೇವರಾಯನದುರ್ಗದ ಕುರುಚಲು ಕಾಡಿನಲ್ಲಿ ಮಾತ್ರವಲ್ಲ, ಊರಿನ ಗುಂಡುತೋಪಿನಲ್ಲಿ ಮತ್ತು ದಾರಿಯ ಸಾಲುಮರಗಳಲ್ಲಿ. ಮಾವು, ಹುಣಿಸೆ, ಹಿಪ್ಪೆಗಳನ್ನು ಹಿರಿಯರು ನೆರಳಿಗೂ ಫಲಕ್ಕೂ ನೆಟ್ಟರು. ಮರಬಾಳೆಯು ಕರೆಯದೆ ಬಂದ ಅತಿಥಿ. ತೋಪುಗಳು ನಿವೇಶನಗಳಾದಲ್ಲಿ, ರಸ್ತೆ ಅಗಲವಾದಲ್ಲಿ, ಆ ಅತಿಥಿಗೆ ಮನೆಯೇ ಇಲ್ಲದಾಯಿತು. ಒಂದಕ್ಕೆ ಹತ್ತು ಸಸಿ ನೆಡುವೆವೆಂಬ ಮಾತು ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಹತ್ತು ಸಸಿಗಳ ತೊಗಟೆ ಕೂಡಿದರೂ ಒಂದು ಮುದಿ ಹುಣಿಸೆಯ ಬಿರುಕಾಗದು. ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಜನಿಸಿದ ಸಾಲುಮರದ ತಿಮ್ಮಕ್ಕನವರು, ಕುಣಿಗಲಿನ ನೆರೆಯ ಮಾಗಡಿ ತಾಲ್ಲೂಕಿನಲ್ಲಿ, ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಪತಿಯೊಡನೆ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ಅಕ್ಷರವನ್ನರಿಯದ ಆ ತಾಯಿಯ ಹೆಸರಿನೊಡನೆ ನಾವು ಮುಖ್ಯವಾಗಿ ಸ್ಮರಿಸಬೇಕಾದುದು, ನೆಟ್ಟ ಮೇಲೆ ಮರಗಳನ್ನು ದಶಕಗಳ ಕಾಲ ಕಾದುದನ್ನು.

ಇನ್ನು ಬಿದ್ದ ಗಿಡಗಳ ವಿಷಯ. ಅವುಗಳಲ್ಲಿ ಬೇರು ಮುರಿಯದಿದ್ದ ಏಳನ್ನು ಆಯ್ದು, ಆ ಹುಡುಗಿ ಹೇಳಿದಂತೆ, ತೆಂಗಿನ ನಾರಿನ ಹುರಿಯಿಂದ ಒಂದು ಹೊಂಗೆಯ ಮರದ ಕವಲುಗಳಿಗೆ ಸಡಿಲವಾಗಿ ಕಟ್ಟಿಸಿದೆವು. ಮಣ್ಣು ಹಾಕಲಿಲ್ಲ, ಮಣ್ಣಿನಲ್ಲಿ ಬೇರು ಉಸಿರು ಕಟ್ಟಿ ಕೊಳೆಯುವುದು. ಬೇಸಿಗೆಯಲ್ಲಿ ಬೆಳಗಿನ ಹೊತ್ತು ನೀರು ಚಿಮುಕಿಸುವ ಸರದಿಯನ್ನು ಒಂಬತ್ತನೆಯ ತರಗತಿಯವರು ವಹಿಸಿಕೊಂಡರು. ನಾಲ್ಕು ಗಿಡಗಳು ಬಾಡಿಹೋದುವು. ಎರಡು ಮಳೆಗಾಲಗಳು ಕಳೆದ ಮೇಲೆ ಉಳಿದ ಮೂರು ಹೊಸ ಬೇರುಗಳನ್ನು ತೊಗಟೆಗೆ ಅಂಟಿಸಿ ಹಿಡಿದುವು, ಹುರಿಯನ್ನು ಬಿಚ್ಚಿಸಿದೆವು. ಹೂ ಇನ್ನೂ ಬಂದಿಲ್ಲ. ಆ ಹುಡುಗಿ ಈಗ ಶಾಲೆ ಬಿಟ್ಟು ಕಾಲೇಜಿಗೆ ಹೋಗಿದ್ದಾಳೆ; ಗುಬ್ಬಿಯ ಕಡೆಗೆ ಹೋಗುವಾಗಲೆಲ್ಲ ಬಂದು ಹೊಂಗೆಯ ಕೆಳಗೆ ನಿಂತು ನೋಡಿ, "ಬಂತೇನಮ್ಮಾ?" ಎಂದು ಕೇಳುತ್ತಾಳೆ.