ಕೌಜುಗದ ಜಾಡು

ಗದಗ ಜಿಲ್ಲೆಯ ಗಜೇಂದ್ರಗಡ ಸೀಮೆಯಲ್ಲಿ ಮುಶಿಗೇರಿ ಎಂಬ ಊರಿದೆ. ಬಹುಕಾಲ ಧಾರವಾಡ ಜಿಲ್ಲೆಯ ರೋಣ ತಾಲ್ಲೂಕಿಗೆ ಸೇರಿದ್ದ ಈ ನೆಲ, 1997ರಲ್ಲಿ ಗದಗ ಜಿಲ್ಲೆ ರಚನೆಯಾದಾಗ ಅದರ ಪಾಲಿಗೆ ಬಂದಿತು. ಈ ಸೀಮೆಗೆ ಎರಡು ಮುಖಗಳು. ಒಂದು, ಕಣ್ಣು ಹಾಯುವವರೆಗೂ ಹಬ್ಬಿದ ಎರೆಯ ಹೊಲ. ಇನ್ನೊಂದು, ಕಲ್ಲುಹಾಸು, ಕುರುಚಲು ಕಂಟಿ, ಒಣಹುಲ್ಲುಗಳ ಗುಡ್ಡಸಾಲು. ಎರೆಯಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳು ಬೆಳೆಯುತ್ತವೆ; ಗುಡ್ಡದಲ್ಲಿ ಕುರಿಗಳು ಮೇಯುತ್ತವೆ. ಹೊಲವೂ ಗುಡ್ಡವೂ ಕೂಡುವ ಅಂಚು ಯಾರದೂ ಅಲ್ಲದ ನೆಲದಂತೆ ಕಾಣುತ್ತದೆ. ಆದರೆ ಅದು ಕೌಜುಗದ ನೆಲ.

ಕೌಜುಗವು ಕೋಳಿಯ ಬಳಗಕ್ಕೆ ಸೇರಿದ ಬೂದು ಕಂದುಬಣ್ಣದ ಹಕ್ಕಿ. ಮೈಮೇಲೆ ಸಣ್ಣ ಸಣ್ಣ ಅಡ್ಡಗೆರೆಗಳಿರುವುದರಿಂದ ಅದು ಒಣಹುಲ್ಲಿನಲ್ಲಿ ಕುಳಿತರೆ ಹುಲ್ಲೇ ಆಗಿಬಿಡುತ್ತದೆ. ನಸುಕಿನಲ್ಲಿ ಒಂದು ಹಕ್ಕಿ ಗಟ್ಟಿಯಾಗಿ ಕೂಗಿದರೆ ಬದುವಿನಿಂದ ಬದುವಿಗೆ ಉತ್ತರಗಳು ಹೊರಡುತ್ತವೆ. ಇರುಳನ್ನು ಕಂಟಿಯಲ್ಲಿಯೋ ಕುಳ್ಳ ಮರದಲ್ಲಿಯೋ ಕಳೆದು, ಹಗಲೆಲ್ಲ ನೆಲದ ಮೇಲೆ ಕಾಳು, ಹುಳು, ಗೆದ್ದಲುಗಳನ್ನು ಹೆಕ್ಕುತ್ತದೆ. ಅಪಾಯ ಬಂದಾಗ ಅದು ಮೊದಲು ಹಾರುವುದಿಲ್ಲ, ಓಡುತ್ತದೆ. ಓಡಲು ದಾರಿಯಿಲ್ಲವೆಂದು ತಿಳಿದ ಗಳಿಗೆಯಲ್ಲಿ ಮಾತ್ರ, ಕಾಲಬುಡದಲ್ಲಿ ಮದ್ದು ಸಿಡಿದಂತೆ ಸದ್ದು ಮಾಡಿ ಮೇಲೇಳುತ್ತದೆ. ಬೇಟೆಗಾರನಿಗೆ ನಾಯಿಯ ನೆರವು ಬೇಕಾಗಿದ್ದುದು ಈ ಸ್ವಭಾವದಿಂದಲೇ.

ಬ್ರಿಟನ್ನಿನ ಬೆಟ್ಟನಾಡುಗಳಲ್ಲಿ, ಹೀದರ್ ಎಂಬ ಗಿಡ್ಡ ಪೊದೆ ಹಬ್ಬಿದ ಬಯಲುಗಳಲ್ಲಿ, ಗ್ರೌಸ್ ಎಂಬ ಹಕ್ಕಿಯ ಬೇಟೆ ಪ್ರತಿವರ್ಷ ಆಗಸ್ಟ್ 12ರಂದು ಆರಂಭವಾಗುತ್ತದೆ. ಅಲ್ಲಿ ಬೇಟೆಗೆ ಎರಡು ಬಗೆ. ಆಳುಗಳು ಹಕ್ಕಿಗಳನ್ನು ಅಟ್ಟಿಕೊಂಡು ಬರಲು, ಮರೆಯಲ್ಲಿ ನಿಂತು ಹೊಡೆಯುವುದು ಒಂದು. ನಾಯಿಯೊಡನೆ ತಾನೇ ಮೈಲಿಗಟ್ಟಲೆ ನಡೆದು, ಎದ್ದ ಹಕ್ಕಿಗೆ ಗುರಿಯಿಡುವುದು ಇನ್ನೊಂದು. ಆಂಗ್ಲ ಅಧಿಕಾರಿಗಳು ಈ ಎರಡನೆಯ ಬಗೆಯನ್ನು ಭಾರತದ ಹೊಲಗಳಿಗೂ ತಂದರು. ಜೊತೆಗೆ ಪಾಯಿಂಟರ್, ಸೆಟ್ಟರ್ ಮೊದಲಾದ ನಾಯಿಗಳನ್ನೂ ತಂದರು. ನಮ್ಮ ಮುಧೋಳದ ನಾಯಿ ಈ ಕೆಲಸಕ್ಕೆ ಹುಟ್ಟಿದ್ದಲ್ಲ. ಉದ್ದ ಕಾಲು, ಕಿರಿದಾದ ತಲೆ, ಒಳಕ್ಕೆ ಸರಿದ ಹೊಟ್ಟೆಯ ಆ ನಾಯಿ ಕಣ್ಣಿನಿಂದ ಬೇಟೆಯಾಡುವಂಥದು. ಬಯಲಿನಲ್ಲಿ ಮೊಲವನ್ನು ಕಂಡು ಬೆನ್ನಟ್ಟುವುದರಲ್ಲಿ ಅದಕ್ಕೆ ಸರಿಸಾಟಿ ಕಡಿಮೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನೇ ಹೊರತಂದಿತು. ಆದರೆ ಕೌಜುಗವನ್ನು ಹುಡುಕಲು ಕಣ್ಣು ಸಾಲದು, ಮೂಗು ಬೇಕು.

ಮಾಘಮಾಸದ ಒಂದು ಬೇಟೆಯ ದಿನ ಹೀಗೆ ನಡೆಯುತ್ತಿತ್ತು. ನಸುಕಿನಲ್ಲಿಯೇ ಬೇಟೆಗಾರ ಊರು ಬಿಡುತ್ತಿದ್ದ. ಹೆಗಲಿಗೆ ಜೋಡುನಳಿಗೆಯ ತೋಟಾಕೋವಿ, ಚೀಲದಲ್ಲಿ ರೊಟ್ಟಿಯ ಬುತ್ತಿ, ಹಿಂದೆ ದಾರಿ ಬಲ್ಲ ಹಳ್ಳಿಗನೊಬ್ಬ, ಮುಂದೆ ನಾಯಿ. ಮೊದಲು ನೋಡಬೇಕಾದದ್ದು ಗಾಳಿಯನ್ನು. ಒಂದು ಹಿಡಿ ಒಣಮಣ್ಣನ್ನು ಎತ್ತರದಿಂದ ಸುರಿದು ಅದು ಯಾವ ಕಡೆ ತೂರುವುದೆಂದು ಕಂಡು, ಗಾಳಿಗೆ ಎದುರಾಗಿ ನಡೆಯಬೇಕು. ಇಬ್ಬನಿ ಆರುವ ಮುನ್ನ ಹಕ್ಕಿಯ ವಾಸನೆ ನೆಲದ ಮೇಲೆ ನಿಂತಿರುತ್ತದೆ. ಬಿಸಿಲೇರಿ ಎರೆ ಕಾದೊಡನೆ ಚದುರಿಹೋಗುತ್ತದೆ. ಆದ್ದರಿಂದ ಬೆಳಗಿನ ಎರಡು ಮೂರು ತಾಸುಗಳೇ ನಾಯಿಯ ಹೊತ್ತು.

ಕೊಯ್ದ ಜೋಳದ ಕೂಳೆಗಳ ನಡುವೆ ನಾಯಿ ಎಡಕ್ಕೂ ಬಲಕ್ಕೂ ಹಾವಿನಂತೆ ಬಳುಕಿ ಓಡುತ್ತಿತ್ತು. ಹೊಲದ ಒಂದು ಅಂಗೈಯಗಲವೂ ಅದರ ಮೂಗಿಗೆ ತಪ್ಪುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಅದು ನಿಲ್ಲುತ್ತಿತ್ತು. ಮುಂಗಾಲೊಂದು ಮಡಿಚಿ ಮೇಲಕ್ಕೆ, ಬಾಲ ನೇರ, ಮೂಗು ಬದುವಿನ ಬಾರಿಕಂಟಿಯ ಕಡೆಗೆ. ಆ ನಿಲುವಿನಲ್ಲಿ ಉಸಿರೊಂದರ ಹೊರತು ಬೇರೇನೂ ಚಲಿಸುತ್ತಿರಲಿಲ್ಲ. ಹಾರಿ ಹಿಡಿಯಬೇಕೆಂಬ ಹುಟ್ಟುಗುಣವನ್ನು ತಡೆದು ಹೀಗೆ ನಿಲ್ಲಲು ಕಲಿಯುವುದೇ ನಾಯಿಯ ವಿದ್ಯೆ. ಅದನ್ನು ಕಲಿಸುವುದಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಬಡಿಗೆಯಿಂದ ಕಲಿತ ನಾಯಿ ಬಡಿಗೆ ಕಾಣದ ದೂರದಲ್ಲಿ ಮರೆಯುತ್ತದೆ ಎಂಬುದನ್ನು ಬಲ್ಲವರು ಅದನ್ನು ತಾಳ್ಮೆಯಿಂದಲೇ ಪಳಗಿಸುತ್ತಿದ್ದರು.

ಬೇಟೆಗಾರ ಮೆಲ್ಲನೆ ಮುಂದೆ ಬರುತ್ತಿದ್ದ. ಕಂಟಿಯಿಂದ ನಾಲ್ಕಾರು ಹಕ್ಕಿಗಳು ಒಮ್ಮೆಗೇ ಏಳುತ್ತಿದ್ದವು. ಹೊಸಬನಾದರೆ ಇಡೀ ಹಿಂಡಿಗೆ ಗುರಿಯಿಟ್ಟು ಒಂದನ್ನೂ ಹೊಡೆಯುತ್ತಿರಲಿಲ್ಲ. ಪಳಗಿದವನು ಒಂದೇ ಹಕ್ಕಿಯನ್ನು ಆರಿಸಿಕೊಂಡು ಉಳಿದವನ್ನು ಮನಸ್ಸಿನಿಂದ ಬಿಟ್ಟುಬಿಡುತ್ತಿದ್ದ. ಸುಮಾರು 40 ಗಜ ದಾಟಿದ ಮೇಲೆ ಚರೆಗಳು ಚದುರಿ ಬಲಗುಂದುತ್ತವೆ; ಆಗ ಗುಂಡು ಹಾರಿಸಿದರೆ ಹಕ್ಕಿ ಸಾಯದೆ ಗಾಯಗೊಳ್ಳುತ್ತದೆ. ಹೀಗೆ ರೆಕ್ಕೆ ಮುರಿದು ಬಿದ್ದ ಕೌಜುಗ ಬಿದ್ದಲ್ಲಿಯೇ ಇರುವುದಿಲ್ಲ. ನೆಲ ಮುಟ್ಟಿದೊಡನೆ ಓಡಿ, ಕಂಟಿಯಲ್ಲಿಯೋ ಎರೆಯ ಬಿರುಕಿನಲ್ಲಿಯೋ ಅಡಗಿಕೊಳ್ಳುತ್ತದೆ. ಮನುಷ್ಯನ ಕಣ್ಣಿಗೆ ಅದು ಮತ್ತೆ ಸಿಗದು. ಅದನ್ನು ಬಿಟ್ಟುಹೋದರೆ ಹಸಿವಿನಿಂದಲೋ ನರಿಯ ಬಾಯಿಗೋ ಮೆಲ್ಲನೆ ಸಾಯುವುದು ಖಂಡಿತ. ಒಳ್ಳೆಯ ಬೇಟೆಗಾರ ಆಗ ಮುಂದಿನ ಹಿಂಡಿನ ಆಸೆಯನ್ನು ಬಿಟ್ಟು, ಒಂದು ತಾಸಾದರೂ ಸರಿಯೇ ನಾಯಿಯನ್ನು ಆ ಒಂದು ಹಕ್ಕಿಯ ಜಾಡಿಗೆ ಬಿಡುತ್ತಿದ್ದ. ಎಷ್ಟು ಹಕ್ಕಿ ಹೊಡೆದನೆಂಬುದಕ್ಕಿಂತ ಎಷ್ಟನ್ನು ಕಳೆದುಕೊಂಡನೆಂಬುದರಿಂದಲೇ ಅವನ ಯೋಗ್ಯತೆಯನ್ನು ಅಳೆಯಬಹುದಾಗಿತ್ತು. ಎಲ್ಲರೂ ಅಂಥವರೇ ಆಗಿದ್ದರೆಂದು ಹೇಳಲಾಗದು.

ಬೇಟೆನಾಯಿಗೆ ಸಲ್ಲಬೇಕಾದ ಗೌರವ ಕನ್ನಡ ನಾಡಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949–50ರ ಕಾಲದ್ದು. ಗಂಗ ಬೂತುಗನಿಂದ ಮಣಲೆರನು ಮೆಚ್ಚಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಮಡಿದವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಹೊತ್ತು ಮೇಲೇರಿ ನಾಯಿಯ ಮೂಗು ಸೋತಾಗ ಬೇಟೆಗಾರ ಹಳ್ಳದ ನೀರಿನ ಕಡೆ ತಿರುಗುತ್ತಿದ್ದ. ಅಲ್ಲಿಗೆ ಬರುತ್ತಿದ್ದುದು ಬೇರೊಂದು ಹಕ್ಕಿ. ಆಂಗ್ಲರು ಅದನ್ನು ಸ್ಯಾಂಡ್‌ಗ್ರೌಸ್ ಎಂದು ಕರೆದರು. ಆದರೆ ಗ್ರೌಸಿಗೂ ಅದಕ್ಕೂ ಹತ್ತಿರದ ನಂಟಿಲ್ಲ. ಪಾರಿವಾಳದಷ್ಟು ಗಾತ್ರ, ಮೊನಚಾದ ರೆಕ್ಕೆ, ಮಣ್ಣಿನ ಬಣ್ಣ. ಒಣಬೀಜಗಳನ್ನೇ ತಿನ್ನುವ ಈ ಹಕ್ಕಿಗೆ ದಿನವೂ ನೀರು ಬೇಕೇ ಬೇಕು. ಬಯಲಿನ ಜಾತಿ ಬೆಳಿಗ್ಗೆ, ಸೂರ್ಯೋದಯವಾಗಿ ಎರಡು ಮೂರು ತಾಸಿನ ಮೇಲೆ, ಹಿಂಡುಗಟ್ಟಿ ಅದೇ ಮಡುವಿಗೆ ಬರುತ್ತದೆ. ಈ ನಿಯಮವನ್ನು ಅರಿತವನಿಗೆ ನಡೆಯುವ ಶ್ರಮವೇ ಬೇಡ. ಕಂಟಿಯ ಮರೆಯಲ್ಲಿ ಕುಳಿತರೆ ಸಾಕು, ಹಕ್ಕಿ ತಾನೇ ಬರುತ್ತದೆ.

ನೀರಿಗೆ ಬಂದ ಗಂಡುಹಕ್ಕಿ ಕೆಲವೊಮ್ಮೆ ಕುಡಿದೊಡನೆ ಹಾರಿಹೋಗದೆ, ಹೊಟ್ಟೆಯನ್ನು ನೀರಿನಲ್ಲಿ ಅದ್ದಿ ಮೈ ಅಲ್ಲಾಡಿಸುತ್ತಾ ಕೂರುತ್ತದೆ. ಮೀಯುತ್ತಿದೆಯೆಂದು ನೋಡಿದವರು ಭಾವಿಸಬಹುದು. ನಿಜವಾಗಿ ಅದು ನೀರು ತುಂಬಿಕೊಳ್ಳುತ್ತಿರುತ್ತದೆ. ಅದರ ಹೊಟ್ಟೆಯ ಗರಿಗಳ ನೂಲುಗಳು ಸುರುಳಿ ಸುತ್ತಿಕೊಂಡಿದ್ದು, ಒದ್ದೆಯಾದಾಗ ಬಿಚ್ಚಿಕೊಂಡು ಅರಳೆಯಂತೆ ನೀರನ್ನು ಹೀರಿ ಹಿಡಿಯುತ್ತವೆ. ಆ ಭಾರವನ್ನು ಹೊತ್ತು ಅದು ಮೈಲಿಗಟ್ಟಲೆ ಹಾರಿ, ಬರಿನೆಲದ ಮೇಲಿರುವ ಮರಿಗಳ ಬಳಿ ಇಳಿದು ಎದೆಯುಬ್ಬಿಸಿ ನಿಲ್ಲುತ್ತದೆ. ಮರಿಗಳು ಗರಿಗಳನ್ನು ಕೊಕ್ಕಿನಲ್ಲಿ ಹಿಡಿದೆಳೆದು ನೀರು ಹೀರುತ್ತವೆ. ಮೀಡ್-ವಾಲ್ಡೊ ಎಂಬ ಆಂಗ್ಲನು 1896ರಲ್ಲಿ ಇದನ್ನು ಬರೆದಾಗ ಅನೇಕರು ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮ್ಯಾಕ್ಲೀನ್ ಎಂಬ ವಿಜ್ಞಾನಿಗಳು ಆಫ್ರಿಕದ ಕಲಹಾರಿ ಮರುಭೂಮಿಯಲ್ಲಿ ಇದನ್ನು ಕಂಡು ದೃಢಪಡಿಸಿದರು. ಹಾಗಾದರೆ ಮಡುವಿನ ಅಂಚಿನಲ್ಲಿ ಬಿದ್ದ ಒಂದು ಗಂಡಿನೊಡನೆ, ದೂರದಲ್ಲಿ, ಯಾರ ಲೆಕ್ಕಕ್ಕೂ ಸಿಗದೆ ಎರಡು ಮೂರು ಮರಿಗಳು ಬಾಯಾರಿ ಸಾಯುತ್ತಿದ್ದವು. ಬೇಟೆಗಾರನ ಚೀಲದಲ್ಲಿ ಒಂದೇ ಹಕ್ಕಿ ಇರುತ್ತಿತ್ತು.

ಬಂದೂಕಿಲ್ಲದ ಬೇಟೆಗಾರರೂ ಈ ಸೀಮೆಯಲ್ಲಿದ್ದರು. ಬೇಡರು, ಹರಣಶಿಕಾರಿಗಳು ಬಲೆಯನ್ನೂ ಉರುಳನ್ನೂ ಒಡ್ಡುತ್ತಿದ್ದರು. ಪಂಜರದ ಹಕ್ಕಿಯನ್ನು ಕೂಗಿಸಿ ಬಯಲಿನದನ್ನು ಕರೆಯುತ್ತಿದ್ದರು. ಹೀಗೆ ಸೆಳೆಯಲು ಇಟ್ಟ ಪ್ರಾಣಿಗೆ ಹಳಗನ್ನಡದಲ್ಲಿ ‘ದೀವ’ ಎಂಬ ಹೆಸರೇ ಇದೆ. ಅಧಿಕಾರಿಗಳಿಗೆ ವಿನೋದವಾಗಿದ್ದುದು ಇವರಿಗೆ ಹೊಟ್ಟೆಪಾಡಾಗಿತ್ತು. ಯಾವ ಬದುವಿನಲ್ಲಿ ಯಾವ ತಿಂಗಳು ಮೊಟ್ಟೆಯಿರುವುದೆಂದು ಬಲ್ಲ ಜನ ಅವರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಮೊದಲು ಪರವಾನಗಿಯ ಮೇಲೆ ಸಣ್ಣಬೇಟೆಗೆ ಎಡೆಯಿತ್ತು. 1991ರ ತಿದ್ದುಪಡಿಯಿಂದ ಅದೂ ಕೊನೆಗೊಂಡಿತು. ಕೌಜುಗವನ್ನು ಕೊಲ್ಲುವುದೂ ಬಲೆಗೆ ಹಾಕುವುದೂ ಈಗ ಅಪರಾಧ. ಕಾಯಿದೆ ನ್ಯಾಯವಾದುದೇ. ಆದರೆ ಅದು ಕೋವಿ ಹಿಡಿದವನಿಂದ ಒಂದು ವಿನೋದವನ್ನು ಕಸಿದರೆ, ಬಲೆ ಹಿಡಿದವನಿಂದ ಅವನ ಕಸುಬನ್ನೇ ಕಸಿಯಿತು ಎಂಬುದೂ ಅಷ್ಟೇ ನಿಜ.

ಬೇಟೆಯ ಕಣ್ಣೇ ಬೇರೊಂದು ಕಣ್ಣಾಗಿ ತಿರುಗಿದ ಉದಾಹರಣೆ ಇಲ್ಲದಿಲ್ಲ. 1908ರಲ್ಲಿ ಮುಂಬಯಿಯ ಬಾಲಕ ಸಾಲಿಂ ಅಲಿ ತನ್ನ ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದ. ಅದರ ಕತ್ತಿನಲ್ಲಿ ಹಳದಿ ಕಲೆಯಿತ್ತು. ಇದು ಯಾವ ಹಕ್ಕಿಯೆಂದು ಕೇಳಲು ಅವನು ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಬಾಗಿಲಿಗೆ ಹೋದ. ಅಲ್ಲಿಂದ ಆರಂಭವಾದ ಅರಸಾಟ ಅವನ ಬಾಳಿನ ಕೊನೆಯವರೆಗೂ ನಡೆಯಿತು.

ಗಜೇಂದ್ರಗಡದ ಗುಡ್ಡಗಳ ನೆತ್ತಿಯ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತವೆ. ಕೆಳಗೆ, ಕಲ್ಲುಗುಡ್ಡದ ಸ್ಯಾಂಡ್‌ಗ್ರೌಸಿನ ಹೊತ್ತು ಬೇರೆ. ಮೈತುಂಬ ಪಟ್ಟೆಗಳಿರುವ ಈ ಜಾತಿ ಹಗಲಿನಲ್ಲಿ ನೀರಿಗೆ ಇಳಿಯುವುದಿಲ್ಲ. ಸೂರ್ಯ ಮುಳುಗಿ, ಕಲ್ಲಿಗೂ ಕಂಟಿಗೂ ವ್ಯತ್ಯಾಸ ತಿಳಿಯದಷ್ಟು ಕತ್ತಲಾದ ಮೇಲೆ ಅದು ಸದ್ದಿಲ್ಲದೆ ಬಂದು, ನೀರಿನಿಂದ ತುಸು ದೂರದಲ್ಲಿ ಇಳಿಯುತ್ತದೆ. ಕೆಲವು ಕ್ಷಣ ಅಲ್ಲಾಡದೆ ಕೂರುತ್ತದೆ. ಬಳಿಕ ಸಣ್ಣ ಕಲ್ಲೊಂದು ಕದಲಿದಂತೆ ಅಂಚಿಗೆ ನಡೆದು ಬಂದು, ಕೊಕ್ಕನ್ನು ಅದ್ದಿ ಕುಡಿದು, ಬಂದ ಕಡೆಗೇ ಹಾರಿಹೋಗುತ್ತದೆ.