ಮಂಜೇಶ್ವರದ ಎಂಬತ್ತೊಂಬತ್ತು ಮತಗಳು



‘ಕ್ಷೇತ್ರ’ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಹಲವು ಅರ್ಥಗಳುಂಟು. ರೈತನಿಗೆ ಅದು ಹೊಲ. ಯಾತ್ರಿಕನಿಗೆ ಗೋಕರ್ಣ, ಧರ್ಮಸ್ಥಳಗಳಂಥ ಪುಣ್ಯಸ್ಥಳ. ಪೌರನೀತಿಯಲ್ಲಿ ಕ್ಷೇತ್ರವೆಂದರೆ, ಒಬ್ಬ ಪ್ರತಿನಿಧಿಯನ್ನು ಆರಿಸಿ ಶಾಸನಸಭೆಗೆ ಕಳುಹಿಸುವ ಹಕ್ಕುಳ್ಳ ನಿಶ್ಚಿತವಾದ ಭೂಭಾಗ. ನಮ್ಮ ಸಂವಿಧಾನದ ೧೭೦ನೆಯ ವಿಧಿಯು ಪ್ರತಿಯೊಂದು ರಾಜ್ಯವನ್ನೂ ಇಂಥ ಕ್ಷೇತ್ರಗಳನ್ನಾಗಿ ವಿಭಾಗಿಸಬೇಕೆಂದೂ, ಜನಸಂಖ್ಯೆಗೂ ಸ್ಥಾನಗಳಿಗೂ ಇರುವ ಪ್ರಮಾಣವು ಸಾಧ್ಯವಾದಮಟ್ಟಿಗೆ ರಾಜ್ಯದಲ್ಲೆಲ್ಲ ಒಂದೇ ಆಗಿರಬೇಕೆಂದೂ ವಿಧಿಸಿದೆ. ಈ ರೀತಿಯಾಗಿ ನಾವು ನೆಲೆಸಿರುವ ಮಹಾರಾಷ್ಟ್ರದಲ್ಲಿ ೨೮೮, ಕರ್ನಾಟಕದಲ್ಲಿ ೨೨೪, ಕೇರಳದಲ್ಲಿ ೧೪೦ ಕ್ಷೇತ್ರಗಳಿವೆ.

ಇವೆಲ್ಲವನ್ನೂ ಒಂದೇ ಪಾಠದಲ್ಲಿ ತಿಳಿಯುವುದು ಅಸಾಧ್ಯ. ಅಕ್ಕಿ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಚುಕಿದರೆ ಸಾಕಲ್ಲವೇ? ಆದುದರಿಂದ ಒಂದೇ ಒಂದು ಕ್ಷೇತ್ರವನ್ನು ತೆಗೆದುಕೊಂಡು ಅದರ ಚುನಾವಣೆಗಳನ್ನು ಪರಿಶೀಲಿಸೋಣ. ಅದು ಕೇರಳದ ಒಂದನೆಯ ಕ್ರಮಾಂಕದ ಕ್ಷೇತ್ರವಾದ ಮಂಜೇಶ್ವರ. ನಮ್ಮಂತೆಯೇ ಕನ್ನಡ ರಾಜ್ಯದ ಹೊರಗಿರುವ ಕನ್ನಡಿಗರು ಅಲ್ಲಿ ಬಹುಸಂಖ್ಯೆಯಲ್ಲಿ ವಾಸಿಸುತ್ತಾರೆ. ನಿಮ್ಮಲ್ಲಿ ಕೆಲವರ ಅಜ್ಜಿಮನೆಯೂ ಆ ಕಡೆಯೇ ಇದ್ದೀತು.

ನೆಲ ಮತ್ತು ಜನ

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟು ತಲಪಾಡಿಯ ಗಡಿಯನ್ನು ದಾಟಿದೊಡನೆ ಈ ಕ್ಷೇತ್ರವು ಆರಂಭವಾಗುತ್ತದೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಉತ್ತರಕ್ಕೂ ಪೂರ್ವಕ್ಕೂ ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆ. ದಕ್ಷಿಣಕ್ಕೆ ಕಾಸರಗೋಡು ಕ್ಷೇತ್ರ. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ, ಎಣ್ಮಕಜೆ ಎಂಬ ಎಂಟು ಗ್ರಾಮ ಪಂಚಾಯತಿಗಳು ಇದರೊಳಗಿವೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಮೊದಲಾದ ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವ ನಾಡಿದು. ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿ ಬೆಳಗಿದ ಊರು ಮಂಜೇಶ್ವರ. ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನೊಡನೆ ಬೆಸೆದುಕೊಂಡ ಊರು ಕುಂಬಳೆ.

ಮೊದಲು ಈ ಪ್ರದೇಶವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿಗೆ ಸೇರಿತ್ತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ತಾಲ್ಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗವು ೧೯೬೭ರಲ್ಲಿ ಶಿಫಾರಸು ಮಾಡಿತಾದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ.

ಚುನಾವಣೆಗಳ ಹಾದಿ

೧೯೫೭ರಲ್ಲಿ ಕೇರಳದ ಪ್ರಥಮ ವಿಧಾನಸಭೆಗೆ ಚುನಾವಣೆ ನಡೆಯಿತು. ಆಗ ಮಂಜೇಶ್ವರದಿಂದ ಪಕ್ಷೇತರರಾದ ಎಂ. ಉಮೇಶ ರಾವ್ ಅವರು ಅವಿರೋಧವಾಗಿ ಆಯ್ಕೆಯಾದರು. ಕಣದಲ್ಲಿ ಒಬ್ಬನೇ ಅಭ್ಯರ್ಥಿ ಉಳಿದಾಗ ಮತದಾನದ ಅವಶ್ಯಕತೆಯೇ ಇರುವುದಿಲ್ಲ. ಚುನಾವಣಾಧಿಕಾರಿಯು ಅವನನ್ನೇ ಆಯ್ಕೆಯಾದವನೆಂದು ಘೋಷಿಸುತ್ತಾನೆ. ಹೀಗೆ ಈ ಕ್ಷೇತ್ರವು ಒಂದು ಮತವನ್ನೂ ಚಲಾಯಿಸದೆ ತನ್ನ ಮೊದಲ ಶಾಸಕನನ್ನು ಪಡೆಯಿತು. ಈ ಸಂಗತಿಯನ್ನು ನೆನಪಿನಲ್ಲಿಡಿರಿ; ಮುಂದೆ ಇದೇ ಕ್ಷೇತ್ರವು ಇದಕ್ಕೆ ತೀರ ವಿರುದ್ಧವಾದ ಪಾಠವನ್ನು ಕಲಿಸಲಿದೆ.

೧೯೬೦, ೧೯೬೫ ಹಾಗೂ ೧೯೬೭ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂಬ ಚಳವಳಿಯ ಮುಂದಾಳುಗಳಲ್ಲಿ ಅವರೊಬ್ಬರು. ೧೯೬೫ರ ಸಭೆಯ ಕಥೆ ವಿಚಿತ್ರವಾದದ್ದು: ಯಾವ ಪಕ್ಷಕ್ಕೂ ಬಹುಮತ ಬಾರದ ಕಾರಣ ಆ ಸಭೆಯು ಒಮ್ಮೆಯೂ ಕೂಡದೆ ವಿಸರ್ಜಿತವಾಯಿತು. ಅನಂತರ ಎಂ. ರಾಮಪ್ಪ, ಡಾ. ಎ. ಸುಬ್ಬರಾವ್ ಅವರೂ, ೧೯೮೭ರಿಂದ ೨೦೦೬ರವರೆಗೆ ಚೆರ್ಕಳಂ ಅಬ್ದುಲ್ಲ ಅವರೂ ಪ್ರತಿನಿಧಿಗಳಾಗಿದ್ದರು. ೨೦೦೬ರಲ್ಲಿ ಸಿ. ಎಚ್. ಕುಞಂಬು, ೨೦೧೧ರಲ್ಲಿ ಪಿ. ಬಿ. ಅಬ್ದುಲ್ ರಜಾಕ್ ಅವರು ಆಯ್ಕೆಯಾದರು.

ಪ್ರತಿನಿಧಿಯು ಸಭೆಯಲ್ಲಿ ಯಾವ ಭಾಷೆಯಲ್ಲಿ ಮಾತನಾಡಬೇಕು? ರಾಜ್ಯದ ಆಡಳಿತ ಭಾಷೆಯಲ್ಲಿ, ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಎಂದು ಸಂವಿಧಾನದ ೨೧೦ನೆಯ ವಿಧಿ ಹೇಳುತ್ತದೆ. ಆದರೆ ಈ ಭಾಷೆಗಳಲ್ಲಿ ತನ್ನ ಅಭಿಪ್ರಾಯವನ್ನು ಸರಿಯಾಗಿ ವ್ಯಕ್ತಪಡಿಸಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಪತಿಯು ಅನುಮತಿ ಕೊಡಬಹುದು. ೨೦೨೧ರಲ್ಲಿ ಮಂಜೇಶ್ವರದಿಂದ ಆರಿಸಿಬಂದ ಎ. ಕೆ. ಎಂ. ಅಶ್ರಫ್ ಅವರು ತಿರುವನಂತಪುರದ ಸಭೆಯಲ್ಲಿ ಕನ್ನಡದಲ್ಲಿಯೇ ಪ್ರಮಾಣವಚನ ಸ್ವೀಕರಿಸಿದರು. ಒಂದು ಕ್ಷೇತ್ರದ ಧ್ವನಿ ರಾಜಧಾನಿಗೆ ಮುಟ್ಟುವುದೆಂದರೆ ಹೀಗೆ.

೨೦೧೬ರ ಲೆಕ್ಕ

ಈಗ ೨೦೧೬ರ ಚುನಾವಣೆಗೆ ಬರೋಣ. ಮುಖ್ಯ ಅಭ್ಯರ್ಥಿಗಳು ಮೂವರು. ಅಬ್ದುಲ್ ರಜಾಕ್ ಅವರಿಗೆ ೫೬,೮೭೦, ಕೆ. ಸುರೇಂದ್ರನ್ ಅವರಿಗೆ ೫೬,೭೮೧, ಕುಞಂಬು ಅವರಿಗೆ ೪೨,೫೬೫ ಮತಗಳು ಬಂದವು. ಮೊದಲಿಬ್ಬರ ನಡುವಣ ಅಂತರ ಕೇವಲ ೮೯!

ಪೆನ್ಸಿಲು ಕೈಗೆತ್ತಿಕೊಳ್ಳಿರಿ. ಮೂವರಿಗೂ ಬಿದ್ದ ಮತಗಳ ಮೊತ್ತ ೧,೫೬,೨೧೬. ಅದನ್ನು ೮೯ರಿಂದ ಭಾಗಿಸಿದರೆ ಸುಮಾರು ೧,೭೫೫ ಬರುತ್ತದೆ. ಅಂದರೆ ೧,೭೫೫ ಮತಗಳಿಗೆ ಒಂದರಂತೆ ಅಂತರವಿತ್ತು. ಗೆದ್ದವರಿಗೆ ಮತ ಕೊಟ್ಟವರಲ್ಲಿ ೪೫ ಮಂದಿ ಎರಡನೆಯವರಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು? ಒಬ್ಬರಿಗೆ ೫೬,೮೨೫, ಇನ್ನೊಬ್ಬರಿಗೆ ೫೬,೮೨೬ ಆಗಿ ಫಲಿತಾಂಶವೇ ತಲೆಕೆಳಗಾಗುತ್ತಿತ್ತು. ಎಂಟು ಪಂಚಾಯತಿಗಳಿಗೆ ಹಂಚಿದರೆ ಪಂಚಾಯತಿಗೆ ಆರು ಜನರೂ ಬೇಕಾಗಿರಲಿಲ್ಲ. ನಿಮ್ಮ ತರಗತಿಯ ಒಂದು ಬೆಂಚಿನ ಮೇಲೆ ಅವರನ್ನು ಒತ್ತೊತ್ತಾಗಿ ಕೂರಿಸಬಹುದು.

ಇನ್ನೊಂದು ಸಂಗತಿಯನ್ನೂ ಗಮನಿಸಿರಿ. ಗೆದ್ದವರು ಪಡೆದದ್ದು ಈ ಮೊತ್ತದ ಮೂರನೆಯ ಒಂದಂಶಕ್ಕಿಂತ ತುಸು ಹೆಚ್ಚು ಮಾತ್ರ. ನಮ್ಮ ಪದ್ಧತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ. ಉಳಿದ ಪ್ರತಿಯೊಬ್ಬರಿಗಿಂತ ಹೆಚ್ಚು ಮತ ಬಂದರೆ ಸಾಕು.

ಇದಕ್ಕಿಂತಲೂ ಕಡಿಮೆ ಅಂತರದ ನಿದರ್ಶನವು ಕರ್ನಾಟಕದಲ್ಲಿಯೇ ಇದೆ. ೨೦೦೪ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ೪೦,೭೫೨ ಮತಗಳನ್ನೂ, ಎ. ಆರ್. ಕೃಷ್ಣಮೂರ್ತಿಯವರು ೪೦,೭೫೧ ಮತಗಳನ್ನೂ ಪಡೆದರು. ಒಂದೇ ಮತ! ಇಬ್ಬರಿಗೂ ಸಮಾನ ಮತಗಳು ಬಂದಿದ್ದರೆ, ಕಾನೂನಿನ ಪ್ರಕಾರ ಚುನಾವಣಾಧಿಕಾರಿಯು ಚೀಟಿ ಎತ್ತಿಸಿ ನಿರ್ಣಯಿಸುತ್ತಿದ್ದನು.

ಯಾದಿಯ ಪ್ರಶ್ನೆ

ಮಂಜೇಶ್ವರದ ಕಥೆ ಎಣಿಕೆಯೊಂದಿಗೆ ಮುಗಿಯಲಿಲ್ಲ. ಚುನಾವಣೆಯ ನ್ಯಾಯಬದ್ಧತೆಯನ್ನು ಪ್ರಶ್ನಿಸುವವರು ೪೫ ದಿನಗಳೊಳಗಾಗಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಅದರಂತೆ ಸುರೇಂದ್ರನ್ ಅವರು ಕೇರಳ ಉಚ್ಚ ನ್ಯಾಯಾಲಯಕ್ಕೆ ಹೋದರು. ಮೃತರ ಮತ್ತು ಪರದೇಶದಲ್ಲಿದ್ದವರ ಹೆಸರಿನಲ್ಲಿ ಮತಗಳು ಬಿದ್ದಿವೆಯೆಂಬುದು ಅವರ ಆರೋಪ. ಮೃತರೆಂದು ಹೇಳಲ್ಪಟ್ಟವರಲ್ಲಿ ನ್ಯಾಯಾಲಯದ ಸಮನ್ಸನ್ನು ಜೀವಂತವಾಗಿ ಸ್ವೀಕರಿಸಿದವರೂ ಇದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ವಿಚಾರಣೆ ನಡೆಯುತ್ತಿರುವಾಗಲೇ, ೨೦೧೮ರ ಅಕ್ಟೋಬರಿನಲ್ಲಿ ಅಬ್ದುಲ್ ರಜಾಕ್ ಅವರು ನಿಧನರಾದರು. ೨೦೧೯ರಲ್ಲಿ ಅರ್ಜಿಯನ್ನು ಹಿಂತೆಗೆದುಕೊಂಡುದರಿಂದ ಆರೋಪವು ನಿಜವೋ ಸುಳ್ಳೋ ಎಂಬ ತೀರ್ಪೇ ಹೊರಬೀಳಲಿಲ್ಲ.

ತೆರವಾದ ಸ್ಥಾನವನ್ನು ಸಾಮಾನ್ಯವಾಗಿ ಆರು ತಿಂಗಳೊಳಗೆ ತುಂಬಬೇಕು. ವ್ಯಾಜ್ಯವು ಇತ್ಯರ್ಥವಾಗದೆ ಇದ್ದ ಕಾರಣ ಇಲ್ಲಿ ಉಪಚುನಾವಣೆ ನಡೆದದ್ದು ೨೦೧೯ರ ಅಕ್ಟೋಬರ್ ೨೧ರಂದು. ಎಂ. ಸಿ. ಕಮರುದ್ದೀನ್ ಅವರು ೭,೯೨೩ ಮತಗಳ ಅಂತರದಿಂದ ಗೆದ್ದರು. ಆದರೆ ನಡುವೆ ಇಡೀ ಒಂದು ವರ್ಷ ಎಂಟು ಪಂಚಾಯತಿಗಳ ಜನರಿಗೆ ವಿಧಾನಸಭೆಯಲ್ಲಿ ಪ್ರತಿನಿಧಿಯೇ ಇರಲಿಲ್ಲ. ಅವರ ರಸ್ತೆಯ ಮಾತು, ಶಾಲೆಯ ಮಾತು, ಭಾಷೆಯ ಮಾತು ಅಲ್ಲಿ ಯಾರಾಡಬೇಕು?

ಇದರಿಂದ ನಾವು ಕಲಿಯತಕ್ಕ ಪಾಠ ಸ್ಪಷ್ಟವಾಗಿದೆ. ಮತಕ್ಕೆ ಬೆಲೆ ಬರುವುದು ಮತದಾರರ ಯಾದಿಯು ಸತ್ಯವಾಗಿದ್ದಾಗ ಮಾತ್ರ. ಹತ್ತಿರದ ಸ್ಪರ್ಧೆಯಲ್ಲಿ, ಊರು ಬಿಟ್ಟವರ ಒಂದು ಹಳೆಯ ಹೆಸರು ಕೂಡ ಊರಲ್ಲಿರುವವರ ತೀರ್ಮಾನದ ಮೇಲೆ ಸಂಶಯದ ನೆರಳು ಬೀಳಿಸಬಲ್ಲದು.

ನಮಗೆ ಸಂಬಂಧಿಸಿದ್ದು

ಊರು ಬಿಟ್ಟವರು ಎಂದೆನಲ್ಲ, ಅವರು ಯಾರು? ಮುಂಬಯಿಗೆ ಬಂದ ನಾವೇ. ಆದ್ದರಿಂದ ಈ ಮಾತು ನಮ್ಮ ಮನೆಬಾಗಿಲಿಗೇ ಬರುತ್ತದೆ. ೧೯೫೦ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಒಬ್ಬ ಮನುಷ್ಯನ ಹೆಸರು ಒಂದೇ ಕ್ಷೇತ್ರದ ಯಾದಿಯಲ್ಲಿರಬೇಕು. ಅವನು ಸಾಮಾನ್ಯವಾಗಿ ವಾಸಿಸುವ ಸ್ಥಳವೇ ಅವನ ಕ್ಷೇತ್ರ. ಊರಿನಲ್ಲಿ ಮನೆಯಿದೆ ಎಂಬ ಮಾತ್ರಕ್ಕೆ ಅಲ್ಲಿಯ ನಿವಾಸಿಯೆನಿಸಲಾರೆವು. ಹಾಗೆಯೇ, ರಜೆಗಾಗಿ ನಾಲ್ಕು ದಿನ ಊರಿಗೆ ಹೋದ ಮಾತ್ರಕ್ಕೆ ಇಲ್ಲಿಯ ನಿವಾಸವೂ ತಪ್ಪುವುದಿಲ್ಲ. ಪರದೇಶದಲ್ಲಿರುವ ಭಾರತೀಯ ಪೌರರಿಗಾಗಿ ಕಾಯಿದೆಯು ಬೇರೆ ಏರ್ಪಾಡು ಮಾಡಿದೆ: ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಿಂದ ಅವರು ಹೆಸರು ನೋಂದಾಯಿಸಬಹುದು.

ನಮ್ಮ ಅನೇಕ ಕುಟುಂಬಗಳಲ್ಲಿ ಒಂದೋ ಊರಿನಲ್ಲಿ ಹೆಸರು ಉಳಿದು ಇಲ್ಲಿ ಇರುವುದಿಲ್ಲ. ಅಥವಾ ಎರಡೂ ಕಡೆ ಇರುತ್ತದೆ. ಮೊದಲನೆಯದರಲ್ಲಿ ಮತ ವ್ಯರ್ಥ. ಎರಡನೆಯದು ಕಾನೂನಿಗೆ ವಿರುದ್ಧ. ವಾಸಸ್ಥಳ ಬದಲಾದವರು ೮ನೆಯ ನಮೂನೆಯ ಅರ್ಜಿಯನ್ನು ತುಂಬಿ ಹೆಸರನ್ನು ವರ್ಗಾಯಿಸಿಕೊಳ್ಳಬೇಕು. ಹೊಸದಾಗಿ ಸೇರುವವರಿಗೆ ೬ನೆಯ ನಮೂನೆಯಿದೆ. ಊರಿನ ಯಾದಿಯಿಂದ ಹೆಸರು ತೆಗೆಸಿದರೆ ಊರಿನ ನಂಟು ಕಡಿದಂತಾಗುತ್ತದೆಂದು ಕೆಲವು ಹಿರಿಯರು ನೊಂದುಕೊಳ್ಳುತ್ತಾರೆ. ಆ ನೋವು ಸಹಜವೇ. ಆದರೆ ಊರಿನ ನಂಟು ಇರುವುದು ನುಡಿಯಲ್ಲಿ, ಬಂಧುಬಳಗದಲ್ಲಿ; ಯಾದಿಯ ಸಾಲಿನಲ್ಲಲ್ಲ. ನಾವು ಕುಡಿಯುವ ನೀರು, ನಡೆಯುವ ರಸ್ತೆ, ನೀವು ಓದುವ ಈ ಕನ್ನಡ ಶಾಲೆ, ಇವುಗಳ ಭವಿಷ್ಯವು ತೀರ್ಮಾನವಾಗುವುದು ಇಲ್ಲಿ. ಯಾದಿಯಲ್ಲಿ ಇಲ್ಲದವನ ಮಾತನ್ನು ಕೇಳಲು ಯಾವ ಅಭ್ಯರ್ಥಿಯೂ ಮೆಟ್ಟಿಲು ಹತ್ತಿ ಬರುವುದಿಲ್ಲ.

ಮತದಾನದ ವಯಸ್ಸು ಮೊದಲು ೨೧ ಇದ್ದುದು, ಸಂವಿಧಾನದ ೬೧ನೆಯ ತಿದ್ದುಪಡಿಯಿಂದಾಗಿ ೧೯೮೯ರಲ್ಲಿ ೧೮ಕ್ಕೆ ಇಳಿಯಿತು. ೨೦೨೨ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೆಯ ತಾರೀಖನ್ನು ಅರ್ಹತೆಯ ದಿನವೆಂದು ಎಣಿಸುತ್ತಾರೆ. ೧೭ ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಹತ್ತನೆಯ ತರಗತಿಯವರೇ, ನಿಮಗೆ ಆ ದಿನ ದೂರವಿಲ್ಲ. ಮಂಜೇಶ್ವರದಲ್ಲಿ ೨೦೨೧ರಲ್ಲಿಯೂ ಅಂತರ ೭೪೫ ಮಾತ್ರವಿತ್ತು. ‘ನನ್ನೊಬ್ಬನ ಮತದಿಂದ ಏನಾದೀತು?’ ಎಂದು ಯಾರಾದರೂ ಕೇಳಿದರೆ, ಅವರಿಗೆ ಸಂತೆಮರಹಳ್ಳಿಯ ಲೆಕ್ಕವನ್ನು ಬಿಡಿಸಿ ತೋರಿಸಿರಿ.

ಅಭ್ಯಾಸ

೧. ೨೦೨೧ರಲ್ಲಿ ಮಂಜೇಶ್ವರದ ಗೆದ್ದ ಅಭ್ಯರ್ಥಿಗೆ ೬೫,೭೫೮, ಎರಡನೆಯವರಿಗೆ ೬೫,೦೧೩ ಮತಗಳು ಬಂದವು. ಕನಿಷ್ಠ ಎಷ್ಟು ಮಂದಿ ಮನಸ್ಸು ಬದಲಿಸಿದ್ದರೆ ಫಲಿತಾಂಶ ಬದಲಾಗುತ್ತಿತ್ತು?

೨. ನೀವು ವಾಸಿಸುವ ವಿಧಾನಸಭಾ ಕ್ಷೇತ್ರದ ಹೆಸರೇನು? ಅದರ ನಾಲ್ಕು ಎಲ್ಲೆಗಳನ್ನು ತೋರಿಸುವ ಒಂದು ನಕ್ಷೆಯನ್ನು ಬರೆಯಿರಿ.

೩. ನಿಮ್ಮ ಮನೆಯಲ್ಲಿ ೧೮ ವರ್ಷ ದಾಟಿದವರು ಎಷ್ಟು ಮಂದಿ? ಅವರ ಹೆಸರು ಯಾವ ಊರಿನ ಯಾದಿಯಲ್ಲಿದೆ? ವಿಚಾರಿಸಿ ತಿಳಿಯಿರಿ, ಎಲ್ಲಿಯೂ ಇಲ್ಲವಾದರೆ ೬ನೆಯ ನಮೂನೆಯನ್ನು ತುಂಬಲು ಅವರಿಗೆ ನೆರವಾಗಿರಿ.