ಬೆವರು ಆರುವ ಮೊದಲು

ಬೇಟಾ, ಲೇಬರ್ ಕಂಟ್ರಾಕ್ಟ್ ಹಿಡಿದೆ ಎಂದು ಕೇಳಿ ಸಂತೋಷವಾಯಿತು. ನಮ್ಮೂರಿನವರಿಗೆ ಕೆಲಸ ಕೊಡಿಸುವುದು ಸಣ್ಣ ಮಾತಲ್ಲ. 2001ರ ಫೆಬ್ರುವರಿ 28ಕ್ಕೆ ಇಲ್ಲಿನ ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಕೆಜಿಎಫ್ ಮಂದಿ ಮಾರಿಕುಪ್ಪಂನಲ್ಲಿ ನಸುಕಿನ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನಲ್ಲಿ ದುಡಿದು ಕತ್ತಲಾದ ಮೇಲೆ ಮನೆ ಸೇರುತ್ತಿದ್ದಾರೆ. ಅಂಥವರ ಸಂಬಳ ಇನ್ನು ನಿನ್ನ ಕೈ ದಾಟಿ ಹೋಗಬೇಕು. ಅದಕ್ಕೇ ಈ ಮಾತು.

ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಪ್ರವಾದಿಯವರು (ಸ) ಹೇಳಿದ್ದನ್ನು ನೀನೂ ಮದರಸಾದಲ್ಲಿ ಕಲಿತಿದ್ದೀಯ. ಬೆವರಿನ ವಿಚಾರ ಈ ಊರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆಯೇ 60 ಡಿಗ್ರಿ ಮೀರಿ ಕಾದಿರುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಅಲ್ಲಿ ಇಳಿದವರಲ್ಲಿ ಎಷ್ಟೋ ಜನ ಕಂಪನಿಯ ನೇರ ಆಳುಗಳಲ್ಲ, ಕಂಟ್ರಾಕ್ಟರನ ಕೈಕೆಳಗಿನವರು. ಆ ಕಂಟ್ರಾಕ್ಟರ್ ನಿಂತಿದ್ದ ಜಾಗದಲ್ಲೇ ಈಗ ನೀನು ನಿಂತಿದ್ದೀಯ.

ಹಳೆಯದು ಬಿಡು. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುವ ಹುಡುಗರು ಗಾಜು ಒಡೆದರು, ಗಾಡಿ ಮಗುಚಿದರು. ಒಡೆದದ್ದು ತಪ್ಪೇ, ಅನುಮಾನವಿಲ್ಲ. ಆದರೆ ಕೆಲವರಿಗೆ ಸಂಬಳ ಸರಿಯಾಗಿ, ವೇಳೆಗೆ ಸರಿಯಾಗಿ ಸಿಕ್ಕಿರಲಿಲ್ಲವೆಂದು ಆಮೇಲೆ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಅಲ್ಲಿದ್ದವರಲ್ಲಿ ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಮೇಲಿಂದ ಬಿಲ್ ಪಾಸಾಗಿಲ್ಲ ಎಂದು ನಡುವಿನವನು ಕೈ ಚೆಲ್ಲಿದರೆ ಮನೆ ಬಾಡಿಗೆ ಕೇಳಲು ಬಂದವನು ಸುಮ್ಮನೆ ಹೋಗುತ್ತಾನೆಯೇ?

ನಮ್ಮ ಶರೀಅತ್ತಿನಲ್ಲಿ ಕೂಲಿಯ ಕರಾರಿಗೆ ಇಜಾರಾ ಎನ್ನುತ್ತಾರೆ. ಕೆಲಸ ಇಷ್ಟು, ಕೂಲಿ ಇಷ್ಟು ಎಂಬುದು ಮೊದಲೇ ತಿಳಿದಿರಬೇಕು. ಮದ್ಯನ್‌ನಲ್ಲಿ ಕೆಲಸಕ್ಕೆ ನಿಂತ ಮೂಸಾ ಅಲೈಹಿಸ್ಸಲಾಮರಿಗೂ ಎಂಟು ವರ್ಷ, ಮನಸ್ಸಿದ್ದರೆ ಹತ್ತು ಎಂದು ಮೊದಲೇ ಮಾತಾಗಿತ್ತು. ನೀನೂ ಓಟಿ ಎಷ್ಟು, ಪಿಎಫ್ ಎಷ್ಟು, ಊಟಕ್ಕೆ ಎಷ್ಟು ಹಿಡಿಯುತ್ತೀಯ ಎಂಬುದನ್ನು ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆದು ಕೊಡು. ತಮಿಳಾದರೆ ತಮಿಳಿನಲ್ಲೇ.

'ಅವನೇ ಒಪ್ಪಿ ಬಂದಿದ್ದಾನಲ್ಲ' ಎನ್ನುವವರ ಸಂಗ ಮಾಡಬೇಡ. ಹಸಿದವನು ಎಷ್ಟಕ್ಕಾದರೂ ಒಪ್ಪುತ್ತಾನೆ. ಅದಕ್ಕೇ ಧರ್ಮಶಾಸ್ತ್ರದ ಪಂಡಿತರಾದ ಫುಖಹಾಗಳು ಉಜ್ರತುಲ್ ಮಿಸ್ಲ್, ಅಂದರೆ ಅಂಥ ಕೆಲಸಕ್ಕೆ ನ್ಯಾಯವಾಗಿ ಸಲ್ಲುವ ಕೂಲಿ, ಎಂಬ ಅಳತೆ ಇಟ್ಟರು. ಮಾಲೀಕ ಅದಕ್ಕಿಂತ ಇಳಿಸಬಾರದು, ಕೆಲಸಗಾರ ಏರಿಸಬಾರದು ಎಂದು ಅವರಲ್ಲೊಬ್ಬರಾದ ಇಬ್ನ್ ತೈಮಿಯಾ ವಾದಿಸಿದರು. ಸರ್ಕಾರದ ಕನಿಷ್ಠ ಕೂಲಿ ತೀರಾ ಕೆಳಗಿನ ಗೆರೆ. ಅಲ್ಲಿಗೇ ನಿಲ್ಲಬೇಡ.

ಇನ್ನೊಂದು ಮಾತು ನನ್ನ ಎದೆಯಲ್ಲಿ ಕೂತಿದೆ. ಸಂಬಳ ಹಿಡಿದಿಟ್ಟುಕೊಂಡು ರಂಜಾನಿನಲ್ಲಿ ಬಟ್ಟೆ ಹಂಚುವವರನ್ನು ಕಂಡಿದ್ದೇನೆ. ಕೂಲಿ ಖೈರಾತ್ ಅಲ್ಲ, ಅವನ ಹಕ್ಕು. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನಿಗೆ ಕಿಯಾಮತ್ತಿನ ದಿನ ಅಲ್ಲಾಹನೇ ಎದುರಾಳಿ ಎಂದು ಬುಖಾರಿಯ ಹದೀಸಿದೆ. ಹಜ್ ಮಾಡಿ ಬಂದರೂ ಆ ಬಾಕಿ ತೀರದು. ಕೊಡಬೇಕು, ಇಲ್ಲವೆ ಅವನೇ ಮನಸಾರೆ ಮಾಫ್ ಮಾಡಬೇಕು.

ಎರಡು ತಿಂಗಳ ಸಂಬಳ ಕೈಯಲ್ಲಿಲ್ಲದಿದ್ದರೆ ಐವತ್ತು ಜನರನ್ನು ಹಿಡಿಯಬೇಡ, ಇಪ್ಪತ್ತಕ್ಕೆ ಇಳಿಸು. ಬಿಲ್ ತಡವಾದ ತಿಂಗಳು ಬಡ್ಡಿಯವನ ಬಾಗಿಲಿಗೆ ಹೋಗದೆ ನೇರ ನನ್ನ ಹತ್ತಿರ ಬಾ. ಪಿಂಚಣಿಯಲ್ಲಿ ಉಳಿಸಿದ್ದು ಸ್ವಲ್ಪ ಇದೆ, ಕರ್ಜೆ ಹಸನಾ, ಬಡ್ಡಿಯಿಲ್ಲದ ಸಾಲ, ಅಂತ ಕೊಡುತ್ತೇನೆ.